ತುಕ್ಕು ಬರೆಯುವ ಕೆಲಸ

ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲಿ ಎಂದು ಬಣ್ಣ ಬಳಿಯುವವರು ಊರಿಗೆ ನೂರು ಮಂದಿ ಸಿಗುತ್ತಾರೆ. ಕಬ್ಬಿಣವೇ ಅಲ್ಲದ್ದಕ್ಕೆ ತುಕ್ಕು ಹಿಡಿದಂತೆ ಕಾಣಲಿ ಎಂದು ಬಣ್ಣ ಬಳಿಯುವವರು ಸಿಗುವುದು ಕಷ್ಟ. ಭದ್ರಾವತಿಯ ಹವ್ಯಾಸಿ ನಾಟಕ ತಂಡಗಳ ಬೆನ್ನಿಗೆ ಬ್ರಷ್ಷು ಹಿಡಿದು ತಿರುಗಿದ ಮೂವತ್ತೈದು ವರ್ಷಗಳಲ್ಲಿ ನಾನು ಹೆಚ್ಚಾಗಿ ಮಾಡಿದ್ದು ಈ ಎರಡನೆಯ ಕೆಲಸವನ್ನೇ. ಬಿದಿರಿನ ಜೈಲುಬಾಗಿಲು, ರಟ್ಟಿನ ಖಡ್ಗ, ಪ್ಲೈವುಡ್ಡಿನ ಕೋಟೆಗದ, ಹಗ್ಗಕ್ಕೆ ಕಾಗದದ ಮುದ್ದೆ ಮೆತ್ತಿ ಮಾಡಿದ ಸರಪಳಿ, ಇವೆಲ್ಲ ನೂರು ಮಳೆಗಾಲ ಕಂಡಂತೆ ತೋರಬೇಕು, ಅದೂ ಶನಿವಾರ ಸಂಜೆಯೊಳಗೆ. ಮನೆಗೆ ಬಂದ ನೆಂಟರು ‘ಇವರದ್ದೇನು ಹವ್ಯಾಸ?’ ಎಂದು ಕೇಳಿದರೆ ನನ್ನ ಹೆಂಡತಿ, ‘ಚೆನ್ನಾಗಿರೋದನ್ನ ಹಾಳು ಮಾಡ್ತಾರೆ’ ಎಂದು ಹೇಳಿ ಕಾಫಿ ತರಲು ಒಳಗೆ ಹೋಗುತ್ತಿದ್ದಳು. ಅವಳ ವಿವರಣೆಯಲ್ಲಿ ತಪ್ಪೇನೂ ಇರಲಿಲ್ಲ.

ಮೊದಲು ಮಾತಿನ ವಿಚಾರ. ಕನ್ನಡದಲ್ಲಿ ಕಬ್ಬಿಣಕ್ಕೆ ಹಿಡಿಯುವುದು ತುಕ್ಕು; ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ನಮ್ಮ ಅಜ್ಜಿಯಂದಿರು ಈ ಎರಡನ್ನು ಎಂದೂ ಬೆರೆಸಿದವರಲ್ಲ. ಬೆರೆಸದಿರುವುದಕ್ಕೆ ಕಾರಣವೂ ಇದೆ. ಕಿಲುಬನ್ನು ಹುಣಿಸೆಹಣ್ಣು ಹಾಕಿ ಉಜ್ಜಿದರೆ ಚೊಂಬು ಮತ್ತೆ ಹೊಳೆಯುತ್ತದೆ. ತುಕ್ಕನ್ನು ಉಜ್ಜಿದರೆ ಕಬ್ಬಿಣವೇ ಅಷ್ಟು ಕಡಮೆಯಾಗಿರುತ್ತದೆ. ತಾಮ್ರದ ಮೇಲಿನ ಹಸಿರು ಪೊರೆ ಲೋಹಕ್ಕೆ ಅಂಟಿಕೊಂಡು ಒಳಗಿನದನ್ನು ಒಂದಿಷ್ಟು ಕಾಯುತ್ತದೆ. ಕಬ್ಬಿಣದ ತುಕ್ಕಾದರೋ ಉಬ್ಬುತ್ತದೆ, ಹಕ್ಕಳೆಯಾಗಿ ಏಳುತ್ತದೆ, ಉದುರುತ್ತದೆ. ಉದುರಿದ ಜಾಗದಲ್ಲಿ ನೀರಿಗೂ ಗಾಳಿಗೂ ಹೊಸ ಬಾಗಿಲು ತೆರೆಯುತ್ತದೆ. ಆದ್ದರಿಂದಲೇ ‘ಬುದ್ಧಿಗೆ ತುಕ್ಕು ಹಿಡಿದಿದೆ’ ಎಂದು ಬೈಯುತ್ತೇವೆಯೇ ಹೊರತು ಕಿಲುಬು ಹಿಡಿದಿದೆ ಎನ್ನುವುದಿಲ್ಲ.

ನಮ್ಮ ಹಿರಿಯರ ರಂಗಭೂಮಿಗೆ ತುಕ್ಕು ಬೇಕಿರಲಿಲ್ಲ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದು 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಆನೆಯನ್ನು ತರಬಲ್ಲವರಿಗೆ ತುಕ್ಕು ತರುವುದು ಕಷ್ಟವೇನಲ್ಲ. ಆದರೆ ತಂದು ಮಾಡುವುದೇನು? ದುರ್ಯೋಧನನ ಗದೆಗೆ ತುಕ್ಕು ಹಿಡಿದಿದ್ದರೆ ಜನ ಎದ್ದು ಹೋಗುತ್ತಿದ್ದರು. ಕಂಪನಿ ನಾಟಕದಲ್ಲಾಗಲಿ ಯಕ್ಷಗಾನದಲ್ಲಾಗಲಿ ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲವೂ ಬೇಗಡೆ ಮೆತ್ತಿಸಿಕೊಂಡು ಥಳಥಳಿಸಬೇಕು. ಇದು ರುಚಿಯ ಪ್ರಶ್ನೆ ಮಾತ್ರ ಅಲ್ಲ, ಬೆಳಕಿನ ಪ್ರಶ್ನೆಯೂ ಹೌದೆಂದು ನನಗೆ ಆಮೇಲೆ ತೋರಿತು. ಪಂಜು, ದೀವಟಿಗೆ, ಪೆಟ್ರೋಮ್ಯಾಕ್ಸುಗಳ ಬೆಳಕಿನಲ್ಲಿ ಹಿಂದಿನ ಸಾಲಿನಲ್ಲಿ ಕೂತವನಿಗೆ ಏನಾದರೂ ಕಾಣಬೇಕಾದರೆ ಅದು ಹೊಳೆಯಲೇಬೇಕು. ಒರಟು ಮೈ ಅಲ್ಲಿ ಕಾಣುವುದಿಲ್ಲ, ಬರೀ ಕತ್ತಲೆಯಾಗುತ್ತದೆ. ಪಕ್ಕದಿಂದ, ಮೇಲಿನಿಂದ ಬೇಕಾದ ಕೋನಕ್ಕೆ ತಿರುಗಿಸಬಹುದಾದ ವಿದ್ಯುತ್ ದೀಪ ಬಂದ ಮೇಲೆ ಗೋಣಿತಾಟಿನ ಒಂದೊಂದು ಎಳೆಯೂ ನೆರಳು ಚೆಲ್ಲತೊಡಗಿತು. ತುಕ್ಕಿಗೆ ಬೇಕಾದದ್ದು ಆ ನೆರಳು.

ಆ ಹೊತ್ತಿಗೆ ರಾಜನೂ ಬದಲಾಗಿದ್ದ. ಕಾರ್ನಾಡರ ‘ತುಘಲಕ್’ ಬಂದದ್ದು 1964ರಲ್ಲಿ. ಗೆಲ್ಲುವ ರಾಜನ ಜಾಗಕ್ಕೆ, ತನ್ನ ಕೋಟೆಯೊಳಗೇ ನಿದ್ದೆಯಿಲ್ಲದೆ ಸೋಲುತ್ತಿರುವ ರಾಜ ಬಂದ. 70ರ ದಶಕದಲ್ಲಿ ಬೆಂಗಳೂರು, ಮೈಸೂರು, ಹೆಗ್ಗೋಡುಗಳಿಂದ ಹೊಸ ನಾಟಕದ ಗಾಳಿ ನಮ್ಮ ಕಡೆಗೂ ಬೀಸಿತು. ಬೇಗಡೆಯ ಪೆಟ್ಟಿಗೆ ಅಟ್ಟ ಸೇರಿತು. ನಿರ್ದೇಶಕರು ನಮ್ಮಂಥವರ ಹತ್ತಿರ, ‘ಹೊಸದಾಗಿ ಕಾಣಬಾರದು’ ಎಂದು ಹೇಳಲು ಶುರು ಮಾಡಿದರು. ಈ ಒಂದು ವಾಕ್ಯ ಕನ್ನಡ ರಂಗಭೂಮಿಯಲ್ಲಿ ಮೊದಲು ಯಾರ ಬಾಯಿಂದ ಬಂದಿತೋ, ಅವರಿಗೆ ನಮ್ಮಂಥವರು ಋಣಿಗಳು. ಅಲ್ಲಿಯವರೆಗೆ ರಂಗಸಜ್ಜಿಕೆಯವನಿಗೆ ಬಡಗಿ ಮತ್ತು ಅಲಂಕಾರದವನ ಕೆಲಸ ಮಾತ್ರ ಇತ್ತು.

ಈಗ ಬಣ್ಣದ ವಿಚಾರ. ತುಕ್ಕಿನ ಬಣ್ಣ ಮನುಷ್ಯ ಬಳಸಿದ ಬಣ್ಣಗಳಲ್ಲೆಲ್ಲ ಬಲು ಹಳೆಯದು. ಕೊಪ್ಪಳದ ಹತ್ತಿರದ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಆದಿಮಾನವ ಬರೆದ ಕೆಂಪು ಚಿತ್ರಗಳು, ಕರಾವಳಿಯ ದೇವಸ್ಥಾನಗಳ ಸುಣ್ಣದ ಗೋಡೆಯ ಮೇಲಿನ ಕಾವಿ ಕಲೆ, ನಮ್ಮ ಹಳ್ಳಿಮನೆಗಳ ಗೋಡೆಯಂಚಿಗೆ ಹಬ್ಬಕ್ಕೆ ಬಳಿಯುವ ಜಾಜು, ಸನ್ಯಾಸಿಯ ಬಟ್ಟೆಗೆ ಹಾಕುವ ಕಾವಿಮಣ್ಣು, ಇವೆಲ್ಲವುಗಳ ಕೆಂಪಿಗೆ ಕಾರಣ ಒಂದೇ: ಕಬ್ಬಿಣದ ಜೊತೆ ಸೇರಿಕೊಂಡ ಆಮ್ಲಜನಕ. ತುಕ್ಕು ಕೂಡ ಅದರ ನೆಂಟನೇ, ಜೊತೆಗೆ ಒಂದಿಷ್ಟು ನೀರು ಸೇರಿರುತ್ತದೆ. ತಮಾಷೆಯೆಂದರೆ ಕಿಟಕಿ ಸರಳಿಗೆ ತುಕ್ಕು ಬಾರದಿರಲೆಂದು ನಾವು ಮೊದಲ ಕೈ ಬಳಿಯುವ ರೆಡ್ ಆಕ್ಸೈಡ್ ಪ್ರೈಮರಿನ ಕೆಂಪು ಪುಡಿಯೂ ಇದೇ. ಅಜ್ಜನ ಮನೆಯ ನುಣ್ಣನೆಯ ಕೆಂಪು ಸಿಮೆಂಟು ನೆಲಕ್ಕೆ ಬೆರೆಸಿದ್ದೂ ಇದೇ. ಹೀಗಾಗಿ ಹುಸಿ ತುಕ್ಕು ಬರೆಯುವವನ ಡಬ್ಬಿಯಲ್ಲಿರುವುದು ಅರ್ಧ ನಿಜವಾದ ತುಕ್ಕೇ. ಚಿನ್ನದ ನೀರು ಕೊಡುವವನಿಗೆ ಈ ಅನುಕೂಲ ಇಲ್ಲ.

ಅಂಗಡಿಯಲ್ಲಿ ಸಿಗುವ ಹಳದಿ ಮಣ್ಣಿನ ಪುಡಿಯನ್ನು ಹಳೆಯ ಕಬ್ಬಿಣದ ಹೆಂಚಿನ ಮೇಲೆ ಹಾಕಿ ಹದವಾಗಿ ಹುರಿದರೆ ಅದರೊಳಗಿನ ನೀರಿನಂಶ ಹೋಗಿ ಪುಡಿ ಮೆಲ್ಲಗೆ ಕೆಂಪಿಗೆ ತಿರುಗುತ್ತದೆ. ಇಟಲಿಯ ಸಿಯೆನಾ ಊರಿನ ಹೆಸರಿನಲ್ಲಿ ಚಿತ್ರಕಾರರು ಬಳಸುವ ‘ಸುಟ್ಟ ಸಿಯೆನಾ’ ಬಣ್ಣವನ್ನು ಮಾಡುವ ವಿಧಾನವೂ ಇದೇ. ಎಷ್ಟು ಹುರಿಯುತ್ತೀರೋ ಅಷ್ಟು ಛಾಯೆ. ರವೆ ಹುರಿಯುವಂತೆ ಕೈ ಬಿಡದೆ ಕೆದಕುತ್ತಿರಬೇಕು. ನಮ್ಮ ಅಮ್ಮ ದೋಸೆಗೆ ಆಗುವುದಿಲ್ಲವೆಂದು ಬಿಸಾಡಿದ ಹೆಂಚೊಂದು ಇಪ್ಪತ್ತು ವರ್ಷ ನನಗೆ ಈ ಕೆಲಸ ಮಾಡಿಕೊಟ್ಟಿತು.

ಭದ್ರಾವತಿಯವರಿಗೆ ಈ ಮಣ್ಣಿನ ಸಂಬಂಧ ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಕಲ್ಲಿದ್ದಲು ಇಲ್ಲದ ಸೀಮೆ. ಆದ್ದರಿಂದ ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಲಿನಿಂದ ಕುಲುಮೆ ಉರಿಸಿದರು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ರೋಪ್‌ವೇಯ ತೊಟ್ಟಿಗಳಲ್ಲಿ ಬೆಟ್ಟವಿಳಿದು. ಹೆಸರೇ ಹೇಳುವಂತೆ ಅದು ಕೆಂಪು ಮಣ್ಣಿನ ಗುಂಡಿ. ಆ ಕೆಂಪಿನಿಂದ ಆಮ್ಲಜನಕವನ್ನು ಇದ್ದಲಿನ ಬೆಂಕಿಯಲ್ಲಿ ಕಿತ್ತು ತೆಗೆದರೆ ಕಬ್ಬಿಣ. ಕಿತ್ತದ್ದನ್ನು ಮಳೆಗಾಲ ವಾಪಸ್ಸು ಸೇರಿಸಿದರೆ ತುಕ್ಕು. ನಮ್ಮಪ್ಪ ಕಾರ್ಖಾನೆಯ ಫೌಂಡ್ರಿಯಲ್ಲಿದ್ದರು. ಆಗುಂಬೆ ಕಡೆಯ ಮೋಡ ಕಂಡ ಕೂಡಲೇ ನ್ಯೂಟೌನಿನ ಮನೆಯ ಗೇಟಿಗೆ ಪ್ರೈಮರು ಬಳಿಯಲು ಕೂರುತ್ತಿದ್ದರು. ಮಳೆ ಶುರುವಾಗುವ ಮುಂಚಿನ ಭಾನುವಾರಗಳಲ್ಲಿ ನಮ್ಮ ಬೀದಿಯಲ್ಲಿ ಮನೆಗೊಬ್ಬರು ಹೀಗೆ ಗೇಟಿನ ಮುಂದೆ ಕೂತಿರುತ್ತಿದ್ದರು.

ಇಂಥ ಊರಿನಲ್ಲಿ ಸುಳ್ಳು ತುಕ್ಕು ಬರೆದು ದಕ್ಕಿಸಿಕೊಳ್ಳುವುದು ಸುಲಭವಲ್ಲ. ಪ್ರೇಕ್ಷಕರಲ್ಲಿ ಮುಕ್ಕಾಲು ಪಾಲು ಕಾರ್ಖಾನೆಯವರು. ಎಂಟು ಗಂಟೆ ಕಬ್ಬಿಣದ ಜೊತೆ ಇದ್ದು ಬಂದವರು. ನಾನು ಮೊದಲ ಬಾರಿ ಒಂದು ಜೈಲುಬಾಗಿಲು ಮಾಡಲು ಹೊರಟಾಗ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಫಿಟ್ಟರೊಬ್ಬರು (ಅವರನ್ನು ನಾವು ಮೇಸ್ತ್ರಿ ಮಾವ ಎನ್ನುತ್ತಿದ್ದೆವು), ‘ಬಣ್ಣ ಆಮೇಲೆ ಕಲಸು, ಮೊದಲು ಬಾ’ ಎಂದು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ರೈಲುಹಳಿಯ ಪಕ್ಕದ ಒಂದು ಹಳೆಯ ಗೇಟಿನ ಹತ್ತಿರ ಕರೆದುಕೊಂಡು ಹೋದರು.

‘ಏನು ಕಾಣ್ಸುತ್ತೆ?’ ಎಂದರು.

‘ತುಕ್ಕು, ಮಾವ.’

‘ತುಕ್ಕು ಆಯ್ತು ಕಣಪ್ಪ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಿದೆ ಹೇಳು.’

ಆಮೇಲಿನ ಒಂದು ಗಂಟೆಯಲ್ಲಿ ಅವರು ತೋರಿಸಿದ್ದನ್ನು ನಾನು ಇವತ್ತಿಗೂ ಯಾವ ಪುಸ್ತಕದಲ್ಲೂ ಅಷ್ಟು ಚೆನ್ನಾಗಿ ಕಂಡಿಲ್ಲ. ತುಕ್ಕು ನಟ್ಟನಡುವೆ ಹುಟ್ಟುವುದಿಲ್ಲ. ಅಂಚಿನಲ್ಲಿ, ಎರಡು ಪಟ್ಟಿ ಸೇರುವ ಸಂದಿಯಲ್ಲಿ, ಬೋಲ್ಟಿನ ತಲೆಯ ಸುತ್ತ, ವೆಲ್ಡಿಂಗಿನ ಗಂಟಿನ ಮೇಲೆ ಹುಟ್ಟುತ್ತದೆ. ನೀರು ನಿಲ್ಲುವುದು ಅಲ್ಲಿ, ಬಣ್ಣ ತೆಳುವಾಗಿರುವುದೂ ಅಲ್ಲಿ. ಅಡ್ಡಪಟ್ಟಿಯ ಮೇಲ್ಭಾಗ ತಿಂದುಹೋಗಿರುತ್ತದೆ, ಅದರ ಕೆಳಗೆ ಹಳೆಯ ಬಣ್ಣ ಇನ್ನೂ ನಿಂತಿರುತ್ತದೆ. ಬೋಲ್ಟಿನ ಕೆಳಗೆ ಕಣ್ಣೀರಿನ ಗೆರೆಯಂತೆ ಹಳದಿ ನೀರು ಇಳಿದಿರುತ್ತದೆ. ಗೆರೆ ಮೇಲೆ ದಟ್ಟ, ಕೆಳಗೆ ಹೋಗುತ್ತ ತಿಳಿ. ನೆಲದಿಂದ ಒಂದು ಗೇಣಿನವರೆಗೆ ಕೆಸರು ಸಿಡಿದು ಸಿಡಿದು ಸರಳುಗಳು ಸವೆದು ಸಣ್ಣವಾಗಿರುತ್ತವೆ. ಚಿಲಕದ ಹತ್ತಿರ ಮಾತ್ರ ತುಕ್ಕೇ ಇಲ್ಲ, ಸಾವಿರ ಕೈಗಳ ಎಣ್ಣೆ ಹತ್ತಿ ಕಪ್ಪಗೆ ನುಣ್ಣಗಾಗಿದೆ. ಗೇಟು ತಿರುಗುವಾಗ ಉಜ್ಜುವ ಜಾಗದಲ್ಲಿ ಬೆಳ್ಳಿಯಂಥ ಒಂದು ಕಮಾನು. ಹೊಸ ತುಕ್ಕು ಕಿತ್ತಳೆ ಬಣ್ಣ, ಹಳೆಯದು ಕಂದು, ಬಲು ಹಳೆಯದು ಕಪ್ಪಿಗೆ ತಿರುಗಿದ ಕಂದು. ಒಂದೇ ಗೇಟಿನಲ್ಲಿ ಮೂರೂ ಇರುತ್ತವೆ, ಒಂದೊಂದಕ್ಕೂ ಬೇರೆ ಬೇರೆ ವಯಸ್ಸು. ಗೇಟನ್ನು ತೆರೆದವರೆಷ್ಟು, ಯಾವ ಕಡೆಯಿಂದ ಮಳೆ ಹೊಡೆಯುತ್ತದೆ, ಯಾವ ವರ್ಷದವರೆಗೆ ಬಣ್ಣ ಬಳಿದರು, ಯಾವಾಗ ನಿಲ್ಲಿಸಿದರು ಎಂಬುದನ್ನೆಲ್ಲ ಮಾವ ಪೋಲೀಸಿನವರಂತೆ ಹೇಳುತ್ತ ಹೋದರು.

ಅಂದಿನಿಂದ ನಾನು ಬಣ್ಣ ಕಲಸುವ ಮೊದಲು ಮಳೆ ಯಾವ ದಿಕ್ಕಿನದು ಎಂದು ಗೊತ್ತು ಮಾಡಿಕೊಳ್ಳುತ್ತೇನೆ. ಉಳಿದದ್ದು ಕೈಕೆಲಸ. ಮರವಜ್ರ ಕಾಯಿಸಿ, ಅದರಲ್ಲಿ ಕಾಡಿಗೆಗಪ್ಪು ಮತ್ತು ರೆಡ್ ಆಕ್ಸೈಡ್ ಬೆರೆಸಿ ಮೊದಲ ಕೈ. ಹಸಿ ಇರುವಾಗಲೇ ಅಂಚು, ಸಂದಿಗಳಲ್ಲಿ ಜರಡಿ ಹಿಡಿದ ಮರದ ಪುಡಿಯನ್ನೋ ಮರಳನ್ನೋ ಉದುರಿಸಿದರೆ ಹಕ್ಕಳೆಯ ಒರಟು ಬರುತ್ತದೆ. (ಫೆವಿಕಾಲ್ ಬಂದಮೇಲೆ ಮರವಜ್ರದ ವಾಸನೆಯಿಂದ ಮನೆಯವರಿಗೆ ಬಿಡುಗಡೆಯಾಯಿತು.) ಒಣಗಿದ ಮೇಲೆ ಗೋಣಿಯ ಚೂರನ್ನೋ ತೆಂಗಿನ ನಾರನ್ನೋ ಮುದ್ದೆ ಮಾಡಿ ಕಂದು, ಕೆಂಪುಗಳನ್ನು ಒತ್ತುತ್ತ ಹೋಗಬೇಕು; ಬ್ರಷ್ಷಿನಿಂದ ಎಳೆದರೆ ಎಳೆದದ್ದು ಗೊತ್ತಾಗಿಬಿಡುತ್ತದೆ. ಹಳದಿ ಬಲು ಜಿಪುಣತನದಿಂದ. ಕಡೆಗೆ ನೀರಿನ ಗೆರೆ. ಇದನ್ನು ಬರೆಯಬಾರದು. ಬಾಗಿಲನ್ನು ನೆಟ್ಟಗೆ ನಿಲ್ಲಿಸಿ, ಬೋಲ್ಟಿನ ಕೆಳಗೆ ಬ್ರಷ್ಷಿನ ತುದಿಯಿಂದ ತೆಳು ಬಣ್ಣ ಮುಟ್ಟಿಸಿ ಕೈ ತೆಗೆಯಬೇಕು. ಅದು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಬಾಗಿಲನ್ನು ನೆಲದ ಮೇಲೆ ಮಲಗಿಸಿ ಬಳಿದರೆ ಎಂಥ ಕಲಾವಿದನಿಗೂ ಈ ಗೆರೆ ಒಲಿಯುವುದಿಲ್ಲ.

ಆ ನಾಟಕ ಮುಗಿದ ರಾತ್ರಿ ಮೇಸ್ತ್ರಿ ಮಾವ ರಂಗದ ಮೇಲೆ ಬಂದು ಬಾಗಿಲಿನ ಮುಂದೆ ಸ್ವಲ್ಪ ಹೊತ್ತು ನಿಂತರು. ಬೆರಳಿನ ಗೆಣ್ಣಿನಿಂದ ಸರಳನ್ನು ಬಡಿದರು. ಬಿದಿರು ಟಕ್ ಎಂದಿತು. ‘ಶಬ್ದ ಒಂದೇ ಸುಳ್ಳು ಕಣೋ’ ಎಂದು ಹೇಳಿ ಇಳಿದು ಹೋದರು. ಮುಂದಿನ ಪ್ರದರ್ಶನದಿಂದ ನಾವು ಬಾಗಿಲು ಮುಚ್ಚುವಾಗ ತೆರೆಯ ಹಿಂದೆ ಒಂದು ಕಬ್ಬಿಣದ ತಗಡನ್ನು ಬಡಿಯಲು ಹುಡುಗನೊಬ್ಬನನ್ನು ಕೂರಿಸಿದೆವು.

ತುಕ್ಕನ್ನು ನಟಿಸುವ ಈ ಹುಚ್ಚು ನಾಟಕ, ಸಿನಿಮಾಗಳಿಂದ ಹುಟ್ಟಿತೆಂದು ನಾನು ಬಹಳ ದಿನ ತಿಳಿದಿದ್ದೆ. ಜಪಾನಿನವರು ಅದನ್ನು ಅದಕ್ಕೂ ಮೊದಲೇ, ಅದೂ ಕೈಯಲ್ಲಿ ಹಿಡಿದು ನೋಡುವ ವಸ್ತುಗಳ ಮೇಲೆ, ಸಾಧಿಸಿದ್ದರು. ಅಲ್ಲಿ ಉರುಶಿ ಎಂಬ ಮರದ ಹಾಲಿನಿಂದ ಮಾಡುವ ಮೆರುಗೆಣ್ಣೆಯ ಕಸುಬು ಬಹು ಪುರಾತನವಾದದ್ದು. ಎದೋ ಕಾಲದ ಸಮುರಾಯಿಗಳು ಕತ್ತಿಯ ಒರೆಗಳಿಗೆ ಬಗೆಬಗೆಯ ಮೈ ಬೇಕೆಂದು ಕೇಳುತ್ತಿದ್ದುದರಿಂದ ಒರೆಗೆ ಮೆರುಗು ಕೊಡುವವರು ಮರದ ತೊಗಟೆ, ಮೀನಿನ ಚರ್ಮ, ಕಲ್ಲು, ಲೋಹ ಎಲ್ಲವನ್ನೂ ಅನುಕರಿಸಲು ಕಲಿತರು. ಈ ಪರಂಪರೆಯ ಕೊನೆಯ ದೊಡ್ಡ ಹೆಸರು ಶಿಬತಾ ಜೆಶಿನ್. 1807ರಲ್ಲಿ ಎದೋದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ಹುಟ್ಟಿದವನು; ಹನ್ನೊಂದನೆಯ ವಯಸ್ಸಿಗೇ ಮೆರುಗೆಣ್ಣೆಯ ಗುರುವಿನ ಮನೆ ಸೇರಿದವನು. ಕಂಚು, ಬೀಟೆಮರ, ಒಣಗಿ ಬಿರುಕುಬಿಟ್ಟ ಮಸಿಯ ಬಿಲ್ಲೆ, ಎಲ್ಲವನ್ನೂ ಅವನು ಮೆರುಗೆಣ್ಣೆಯಲ್ಲಿ ತಂದ. ಅವನ ‘ತೆತ್ಸುಸಾಬಿ-ನುರಿ’ ಎಂದರೆ ಕಬ್ಬಿಣದ ತುಕ್ಕಿನ ಮೆರುಗು. ಮೆರುಗು ಎಂಬ ಪದ ಇಲ್ಲಿ ಎಷ್ಟು ಅಸಂಗತ ನೋಡಿ. ಮಿರುಗಬಾರದು ಎಂಬುದೇ ಅದರ ಗುಟ್ಟು. ನೋಡಿದರೆ ಹಳೆಯ ಕಬ್ಬಿಣದ ತುಂಡು. ಭಾರವಿರಬಹುದೆಂದು ಕೈಯನ್ನು ಸಿದ್ಧಮಾಡಿಕೊಂಡು ಎತ್ತಿದರೆ ಹೂವಿನಂತೆ ಮೇಲೆದ್ದು ಬರುತ್ತದೆ. ನಮ್ಮ ಮೇಸ್ತ್ರಿ ಮಾವನ ಗೆಣ್ಣಿಗೆ ಗೊತ್ತಾದದ್ದು ಅಲ್ಲಿ ತೋಳಿಗೆ ಗೊತ್ತಾಗುತ್ತದೆ, ಅಷ್ಟೆ.

ಜಪಾನಿ ಭಾಷೆಯಲ್ಲಿ ತುಕ್ಕಿಗೆ ‘ಸಾಬಿ’ ಎನ್ನುತ್ತಾರೆ. ಹಳತಾಗುವುದರಲ್ಲಿ, ಒಂಟಿಯಾಗುವುದರಲ್ಲಿ ಇರುವ ಚೆಲುವಿಗೆ ಅವರು ಕೊಟ್ಟ ಹೆಸರೂ ಅದೇ ಉಚ್ಚಾರದ್ದು. ಅಲ್ಲಿನ ಕತ್ತಿಗಳ ಹಿಡಿಗೂ ಅಲಗಿಗೂ ನಡುವೆ ಕೂರುವ ಕಬ್ಬಿಣದ ಬಿಲ್ಲೆಗಳಿಗೆ ಕಮ್ಮಾರರು ಬೇಕೆಂದೇ ನಯವಾದ ಕರಿಗಂದು ತುಕ್ಕು ಬರಿಸಿ, ಅದನ್ನು ಉಜ್ಜಿ ಉಜ್ಜಿ ಪಳಗಿಸುತ್ತಿದ್ದರು. ತುಕ್ಕನ್ನು ಅವಮಾನವೆಂದು ತಿಳಿದ ಜನ ತುಕ್ಕಿನ ಅನುಕರಣೆಗೆ ಕೈ ಹಾಕುವುದಿಲ್ಲ ಎಂಬುದು ನನ್ನ ಊಹೆ. ಆದರೆ ಜೆಶಿನ್ನನ ಕಾಲದ ಇನ್ನೊಂದು ಸಂಗತಿಯನ್ನೂ ಮರೆಯಬಾರದು. 1876ರಲ್ಲಿ ಮೇಜಿ ಸರಕಾರ ಸಮುರಾಯಿಗಳು ಕತ್ತಿ ಧರಿಸಿ ಓಡಾಡುವುದನ್ನು ನಿಷೇಧಿಸಿತು. ಒರೆ ಮಾಡುವವರ, ಬಿಲ್ಲೆ ಮಾಡುವವರ ಹೊಟ್ಟೆಪಾಡು ಒಂದು ಆಜ್ಞೆಯಿಂದ ಅಲುಗಿಹೋಯಿತು. ಜೆಶಿನ್ ಅದಕ್ಕೆ ಮೂರು ವರ್ಷ ಮೊದಲೇ ವಿಯೆನ್ನಾದ ಜಾಗತಿಕ ಪ್ರದರ್ಶನದಲ್ಲಿ ಪದಕ ಪಡೆದು ಯೂರೋಪಿನವರ ಕಣ್ಣಿಗೆ ಬಿದ್ದಿದ್ದ. 1891ರಲ್ಲಿ ತೀರಿಕೊಳ್ಳುವವರೆಗೆ ಕೆಲಸ ಮಾಡುತ್ತಲೇ ಇದ್ದ. ನಿಜವಾದ ಕತ್ತಿಗಳು ಪೆಟ್ಟಿಗೆಯಲ್ಲಿ ತುಕ್ಕು ಹಿಡಿಯಲು ಶುರುವಾದ ಕಾಲದಲ್ಲಿ ಹುಸಿ ತುಕ್ಕಿನ ಡಬ್ಬಿಗಳು ಗಾಜಿನ ಕಪಾಟು ಸೇರಿದವು.

ನಿಜ ತುಕ್ಕೇ ಪೊರೆಯಾಗಿ ಕಬ್ಬಿಣವನ್ನು ಕಾಯುವ ಪವಾಡವೂ ಉಂಟು. ದೆಹಲಿಯ ಕುತುಬ್ ಮಿನಾರಿನ ಪಕ್ಕದ ಗುಪ್ತರ ಕಾಲದ ಕಂಬ, ಏಳು ಮೀಟರಿಗೂ ಎತ್ತರ, ಆರು ಟನ್ನಿಗೂ ಭಾರ, ತುಕ್ಕು ಹಿಡಿದಿಲ್ಲವೆಂದು ಶಾಲೆಯಲ್ಲಿ ಓದಿದೆವು. ಹಿಡಿಯದೇ ಏನು, ಹಿಡಿದಿದೆ. ಆದರೆ ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿರುವುದರಿಂದ ತುಕ್ಕು ತೆಳುವಾದ ಗಟ್ಟಿ ಪೊರೆಯಾಗಿ ನಿಂತುಬಿಟ್ಟಿದೆ. ದೆಹಲಿಯ ಒಣ ಹವೆಯೂ ಸಹಾಯ ಮಾಡಿದೆ. ನಮ್ಮ ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ನಿಂತಿರುವ ಕಬ್ಬಿಣದ ಕಂಬಕ್ಕಂತೂ ಒಣ ಹವೆಯ ಅನುಕೂಲವೂ ಇಲ್ಲ. ಮಲೆನಾಡಿನ ಮಳೆಯನ್ನೆಲ್ಲ ಮೈಮೇಲೆ ಹಾಕಿಸಿಕೊಂಡು ನಿಂತಿದೆ. ಅದನ್ನು ಮಂಜಿನಲ್ಲಿ ಒದ್ದೆಯಾಗಿರುವಾಗ ನೋಡಬೇಕು. ಅದರ ಬಣ್ಣವನ್ನು ಹಿಡಿಯಲು ನಾನು ನಾಲ್ಕೈದು ಸಲ ಪ್ರಯತ್ನಿಸಿದ್ದೇನೆ. ಪ್ರತಿ ಸಲವೂ ಕಂದಿಗಿಂತ ಕಪ್ಪೇ ಹೆಚ್ಚು ಬೇಕಾಗುತ್ತದೆ.

ಅಮೆರಿಕದ ಯು.ಎಸ್. ಸ್ಟೀಲ್ ಕಂಪನಿ 1933ರಲ್ಲಿ ಇಂಥದ್ದೇ ಗುಣವನ್ನು ತಾಮ್ರ, ಕ್ರೋಮಿಯಂ, ರಂಜಕಗಳನ್ನು ಬೆರೆಸಿ ಉಕ್ಕಿಗೆ ತಂದು ಪೇಟೆಂಟ್ ಮಾಡಿಸಿತು. ಕಾರ್ಟೆನ್ ಅದರ ಹೆಸರು. ಮೊದಲು ಅದನ್ನು ಕಲ್ಲಿದ್ದಲು ಸಾಗಿಸುವ ರೈಲು ವ್ಯಾಗನ್ನುಗಳಿಗೆ ಬಳಸಿದರು. ಯಾರೂ ಅದನ್ನು ಚೆಲುವೆನ್ನಲಿಲ್ಲ. ವಾಸ್ತುಶಿಲ್ಪಿ ಏರೋ ಸಾರಿನೆನ್ ಟ್ರ್ಯಾಕ್ಟರು ಮಾಡುವ ಜಾನ್ ಡಿಯರ್ ಕಂಪನಿಗೆ ಇಲಿನಾಯ್‌ನ ಮೋಲಿನ್‌ನಲ್ಲಿ ಕಟ್ಟಿಕೊಟ್ಟ ಕಚೇರಿ 1964ರಲ್ಲಿ ಮುಗಿದ ಮೇಲೆ ತುಕ್ಕು ದೊಡ್ಡವರ ಮನೆಯ ಹೆಣ್ಣಾಯಿತು. ನೇಗಿಲಿನ ಕಂಪನಿಗೆ ನೆಲದ ಬಣ್ಣದ ಕಟ್ಟಡ ಎಂಬ ವಿಚಾರ ಅಲ್ಲಿ ಹೊಂದಿತು. ಎಲ್ಲ ಕಡೆಯೂ ಹೊಂದಲಿಲ್ಲ. ಅಟ್ಲಾಂಟಾದಲ್ಲಿ 1972ರಲ್ಲಿ ತೆರೆದ ಓಮ್ನಿ ಕ್ರೀಡಾಂಗಣದ ಉಕ್ಕು ಅಲ್ಲಿನ ಒದ್ದೆ ಹವೆಯಲ್ಲಿ ನಿಲ್ಲಬೇಕಾದ ಕಡೆ ನಿಲ್ಲದೆ ತುಕ್ಕು ಹಿಡಿಯುತ್ತಲೇ ಹೋಯಿತು. 1997ರಲ್ಲಿ ಅದನ್ನು ಕೆಡವಿದರು. ಒಣಗಲು ಬಿಡುವು ಸಿಕ್ಕರೆ ಮಾತ್ರ ಪೊರೆ ಗಟ್ಟಿಯಾಗುತ್ತದೆ. ಇದನ್ನು ಮಲೆನಾಡಿನ ಯಾವ ಮೇಸ್ತ್ರಿಯನ್ನು ಕೇಳಿದ್ದರೂ ಹೇಳುತ್ತಿದ್ದ.

ಸಿನಿಮಾದವರ ಕತೆ ದೊಡ್ಡದು, ಒಂದೇ ಮಾತಿನಲ್ಲಿ ಮುಗಿಸುತ್ತೇನೆ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಜಾರ್ಜ್ ಲ್ಯೂಕಸ್ ಆಕಾಶನೌಕೆಗಳು ಬಳಸಿ ಹಳತಾದವುಗಳಂತೆ, ಕೊಳೆ, ತುಕ್ಕು, ತರಚುಗಳ ಸಮೇತ ಕಾಣಬೇಕೆಂದು ಹಟ ಹಿಡಿದ. ಹಾಗೆ ಮಾಡಿದ್ದರಿಂದಲೇ ಜನ ನಂಬಿದರು. ಇಂಥ ಸಣ್ಣ ಮಾದರಿಗಳನ್ನು ಮಾಡುವ ಹವ್ಯಾಸಿಗಳಲ್ಲಿ ಒಂದು ಉಪಾಯ ಬಳಕೆಯಲ್ಲಿದೆ, ನಾನು ಅದನ್ನು ಬಹಳ ತಡವಾಗಿ ಕಲಿತೆ: ಮೊದಲು ತುಕ್ಕಿನ ಬಣ್ಣ ಬಳಿದು, ಅದು ಒಣಗಿದ ಮೇಲೆ ಮೈಯನ್ನು ಒದ್ದೆ ಮಾಡಿ ಅಲ್ಲಲ್ಲಿ ಅಡುಗೆ ಉಪ್ಪು ಉದುರಿಸಿ, ಮೇಲೆ ಬೇಕಾದ ಬಣ್ಣ ಸಿಂಪಡಿಸುವುದು, ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆದರೆ ಮೇಲಿನ ಬಣ್ಣ ಸಿಪ್ಪೆ ಎದ್ದು ಒಳಗಿನ ತುಕ್ಕು ಇಣುಕುತ್ತದೆ. ಕಬ್ಬಿಣವನ್ನು ನಿಜವಾಗಿ ತಿನ್ನುವ ಉಪ್ಪೇ ಸುಳ್ಳು ತುಕ್ಕಿಗೂ ಕೂಲಿ ಮಾಡುವುದು ನನಗೆ ಇಷ್ಟವಾಯಿತು. ಕಬ್ಬಿಣದ ಪುಡಿಯನ್ನೇ ಬೆರೆಸಿದ ಬಣ್ಣವೂ ಈಗ ಸಿಗುತ್ತದೆ. ಬಳಿದು ಮೇಲೆ ವಿನಿಗರಿನಂಥ ಹುಳಿಯನ್ನು ಸಿಂಪಡಿಸಿದರೆ ಮರದ ಮೇಲೆ, ಗೋಡೆಯ ಮೇಲೆ ಸಾಕ್ಷಾತ್ ತುಕ್ಕೇ ಬರುತ್ತದೆ. ಅದು ಹುಸಿಯೋ ನಿಜವೋ ಎಂಬ ಚರ್ಚೆಯನ್ನು ತರ್ಕಪಂಡಿತರಿಗೆ ಬಿಡೋಣ. ನಾನದನ್ನು ಎರಡು ಸಲ ಬಳಸಿ ಬಿಟ್ಟೆ. ಎಲ್ಲ ಕ��ೆಯೂ ಒಂದೇ ವಯಸ್ಸಿನ ತುಕ್ಕು ಬಂದು ಕೂತಿತು.

ಒಮ್ಮೆ ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ನಾಟಕ ನೋಡಿ ಮರುದಿನ ಮನೆಗೆ ಬಂದರು. ಹೊಸದಾಗಿ ಮಾಡಿಸಿದ ಇಪ್ಪತ್ತು ಬೀಗಗಳಿದ್ದವು ಅವರ ಚೀಲದಲ್ಲಿ, ಪಾಳೆಯಗಾರರ ಕಾಲದ ಮಾದರಿಯವು. ಅವಕ್ಕೆ ಮುನ್ನೂರು ವರ್ಷ ತುಂಬಿಸಿಕೊಡಬೇಕಂತೆ. ಬೀಗಕ್ಕೆ ಇಂತಿಷ್ಟು ಎಂದು ಮುಂಗಡವನ್ನೂ ತೆಗೆದರು. ನಾಟಕಕ್ಕೆ ಬರುವವನು ಮೋಸಹೋಗಲೆಂದೇ ಟಿಕೇಟು ಕೊಂಡಿರುತ್ತಾನೆ, ನಿಮ್ಮ ಗಿರಾಕಿ ಹಾಗಲ್ಲವಲ್ಲ ಎಂದೆ. ‘ಅವರೂ ಹಂಗೇ ಸಾರ್, ಹಳೇದು ಅಂತ ಹೇಳಿದ್ರೆ ಅವರಿಗೂ ಖುಷಿ’ ಎಂದು ನಕ್ಕರು. ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತೆಂಬುದೇ ನನಗೆ ಕಿರಿಕಿರಿಯಾದದ್ದು. ಬೀಗಗಳನ್ನು ಮರಳಿ ಅವರ ಚೀಲಕ್ಕೇ ಹಾಕಿಕೊಟ್ಟೆ. ಆಮೇಲೆ ಯಾರೋ ಮಾಡಿಕೊಟ್ಟಿರಬೇಕು.

2023ರ ಜನವರಿಯಲ್ಲಿ, ಭದ್ರಾವತಿಯ ಕಾರ್ಖಾನೆಗೆ ನೂರು ತುಂಬುವ ವರ್ಷದಲ್ಲಿ, ಅದನ್ನು ಮುಚ್ಚುವ ನಿರ್ಧಾರವನ್ನು ಉಕ್ಕು ಪ್ರಾಧಿಕಾರ ಪ್ರಕಟಿಸಿತು. ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ನಾನೂ ಎರಡು ದಿನ ಹೋಗಿ ಕೂತೆ. ಅಪ್ಪನ ಹೆಸರು ಹೇಳಿದರೆ ಗುರುತು ಹಿಡಿಯುವವರು ಇನ್ನೂ ಇದ್ದರು. ಕೂತಲ್ಲಿಂದ ಕಾಣುವ ಶೆಡ್ಡು, ಚಿಮಣಿ, ಪೈಪುಗಳ ಮೇಲೆ ನನ್ನ ಕಣ್ಣು ಹಳೆಯ ಅಭ್ಯಾಸದಂತೆ ಓಡಾಡಿತು. ಯಾವ ಪೈಪಿಗೆ ಬಣ್ಣ ಬಳಿಯುವುದು ಎಂದಿನಿಂದ ನಿಂತಿದೆ, ಯಾವ ತಗಡಿನ ಮೊಳೆ ಮೊದಲು ಸಡಿಲವಾಯಿತು, ಎಲ್ಲವನ್ನೂ ಓದಬಹುದಿತ್ತು. ಪಕ್ಕದಲ್ಲಿ ಕೂತಿದ್ದ ಗುತ್ತಿಗೆ ಕಾರ್ಮಿಕನೊಬ್ಬ, ‘ಏನ್ ಸಾರ್ ಅಷ್ಟೊತ್ತಿಂದ ನೋಡ್ತಿದ್ದೀರಾ?’ ಎಂದ. ತುಕ್ಕು ನೋಡುತ್ತಿದ್ದೇನೆ ಎಂದು ಅವನಿಗೆ ಹೇಳಲು ಬಾಯಿ ಬರಲಿಲ್ಲ. ಚಿಮಣಿ ಎಂದೆ.

ಅದೇ ವರ್ಷ ಮಳೆಗಾಲದಲ್ಲಿ ಮೇಸ್ತ್ರಿ ಮಾವನ ಮೊಮ್ಮಗ ಬೆಂಗಳೂರಿನಿಂದ ಫೋನು ಮಾಡಿದ. ಹುಡುಗ ಅಲ್ಲಿ ಒಳಾಂಗಣದ ಅಲಂಕಾರದ ಕೆಲಸ ಮಾಡಿಸುತ್ತಾನೆ. ಇಂದಿರಾನಗರದಲ್ಲಿ ಹೊಸ ಕಾಫಿ ಅಂಗಡಿಗೆ ಒಂದಿಡೀ ಗೋಡೆ ಕಾರ್ಟೆನ್ ಉಕ್ಕಿನಂತೆ ತುಕ್ಕು ಹಿಡಿದು ಕಾಣಬೇಕಂತೆ. ಪೇಂಟರು ಎರಡು ಸಲ ಮಾಡಿದರೂ ಮಾಲೀಕರಿಗೆ ಒಪ್ಪಿಗೆಯಾಗಿಲ್ಲ. ‘ಅಂಕಲ್, ನೀವೊಂದು ಸಲ ಬಂದು ನೋಡ್ಬೇಕು’ ಎಂದ. ಅಜ್ಜನ ಮುಖ ನೆನಪಾಗಿ ರೈಲು ಹತ್ತಿದೆ. ಚದರಡಿಗೆ ಅವನು ಹೇಳಿದ ದರ ಕೇಳಿ ನನಗೆ ನಗು ಬಂತು. ಅವನ ಅಜ್ಜ ಅಷ್ಟು ತುಕ್ಕನ್ನು ತಿಂಗಳ ಸಂಬಳಕ್ಕೆ ಕೆರೆದು ತೆಗೆಯುತ್ತಿದ್ದರು. ಇದನ್ನು ಅವನಿಗೂ ಹೇಳಿದೆ. ಅವನೂ ನಕ್ಕ, ‘ತಾತ ಇದ್ದಿದ್ರೆ ಸ್ಯಾಂಡ್‌ಪೇಪರ್ ತಗೊಂಡು ಬಂದುಬಿಡ್ತಿದ್ರು ಅಂಕಲ್’ ಎಂದ.

ಪೇಂಟರು ಕೆಟ್ಟ ಕೆಲಸಗಾರನೇನಲ್ಲ. ಬಿಹಾರದ ಕಡೆಯ ಹುಡುಗ, ಕೈ ಚುರುಕು. ಬಣ್ಣಗಳೂ ಸರಿಯಾಗಿದ್ದವು, ಕಂದು, ಕಿತ್ತಳೆ, ಕಪ್ಪು ಎಲ್ಲ ಇದ್ದವು, ಸ್ಪಂಜಿನಿಂದ ಒತ್ತಿದ್ದೂ ಚೆನ್ನಾಗಿತ್ತು. ಆದರೆ ಗೋಡೆಯ ಉದ್ದಕ್ಕೂ ಅದೇ, ಚಿರತೆಯ ಚರ್ಮ ಹಾಸಿದಂತೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಒಂದು ಸಂದಿಯಿಲ್ಲ, ಬೋಲ್ಟಿಲ್ಲ. ನಾನು ಹಿಂದಿಯಲ್ಲಿ ತಡವರಿಸುತ್ತ, ಉಕ್ಕಿನ ಹಲಗೆಗಳು ಎಲ್ಲಿ ಸೇರುತ್ತವೆಂದು ಮೊದಲು ನಾಲ್ಕು ಗೆರೆ ಹಾಕು ಎಂದೆ. ಹಾಕಿದ. ‘ಪಾನೀ ಕಹಾ̐ ಸೇ ಆಯೇಗಾ?’ ಎಂದು ಕೇಳಿದೆ. ನೀರು ಎಲ್ಲಿಂದ ಬರುತ್ತದೆ? ಅವನು ನನ್ನ ಮುಖ ನೋಡಿದ, ಮೊಮ್ಮಗನ ಮುಖ ನೋಡಿದ, ಆಮೇಲೆ ಮೇಲೆ ನೋಡಿದ. ಮಾಡಿನ ಮೂಲೆಯಲ್ಲಿ ಏ.ಸಿ.ಯ ಪೈಪು ಗೋಡೆಯೊಳಕ್ಕೆ ಹೋಗುವ ಕಡೆ ನಿಜವಾಗಿಯೇ ಒಂದೊಂದು ಹನಿ ಜಿನುಗುತ್ತಿತ್ತು. ಹುಡುಗ ಏಣಿ ಎಳೆದುಕೊಂಡು ಹೋಗಿ ಅದರ ಕೆಳಗೆ ಇಟ್ಟ.